ಹೀರಾ ವೈನಿ ಪರೀಕ್ಷೆಗೆ ಕೂತದ್ದು

ಅಣ್ಣ ತೀರಿಕೊಂಡಾಗ ಹೀರಾ ವೈನಿ ಅಳಲಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ವರ್ಷ ಬನಹಟ್ಟಿಯ ಹೆಂಗಸರ ಬಾಯಲ್ಲೆಲ್ಲ ಇದೇ ಮಾತು. ಕೆಲವರು ಕಲ್ಲೆದೆಯವಳು ಅಂದರು. ಕೆಲವರು ಪುಣ್ಯವಂತೆ, ಮೋಹ ಗೆದ್ದಳು ಅಂದರು. ನಾನು ಎರಡೂ ಬಗೆಯವರನ್ನು ಬೈದೆ. ನಾನು ಬ್ರಾಹ್ಮಿ, ಸತ್ತವನ ತಂಗಿ, ಹೀರಾ ನನಗೆ ವೈನಿ, ಅಂದರೆ ಅತ್ತಿಗೆ. ಬೈಯುವುದಕ್ಕೆ ನನಗೆ ಹಕ್ಕಿತ್ತು, ಹಕ್ಕಿಲ್ಲದಿದ್ದರೂ ಬೈಯುತ್ತಿದ್ದೆ. ನನ್ನ ಬಾಯಿ ಎಂಥದೆಂದು ರಬಕವಿಯಲ್ಲಿ ನನ್ನ ಗಂಡನ ಮನೆಯವರನ್ನು ಕೇಳಿದರೆ ಇನ್ನೂ ಚೆನ್ನಾಗಿ ಹೇಳುತ್ತಾರೆ.

ನಮ್ಮಪ್ಪ ಪಾಯಪ್ಪನದು ಬನಹಟ್ಟಿಯಲ್ಲಿ ನೂಲಿನ ಅಂಗಡಿ. ನೇಕಾರರಿಗೆ ನೂಲು ಕೊಡುವುದು, ಅವರು ನೇಯ್ದ ಸೀರೆ ಕೊಳ್ಳುವುದು. ಅಣ್ಣ ಅಪ್ಪನ ಜೊತೆ ಅಂಗಡಿಯಲ್ಲಿ ಕೂಡುತ್ತಿದ್ದ. ಅವನ ಹೆಂಡತಿಯಾಗಿ ತೇರದಾಳದಿಂದ ಬಂದ ಹೀರಾ ನಾಲ್ಕನೆಯ ಇಯತ್ತೆ ಪಾಸಾಗಿದ್ದಳು. ನಮ್ಮ ಓಣಿಗೆ ಅದು ದೊಡ್ಡ ಸುದ್ದಿ. ಮಧ್ಯಾಹ್ನ ಕೆಲಸ ಮುಗಿಸಿ ಅವ್ವನಿಗೆ ಪುರಾಣ ಓದಿ ಹೇಳುತ್ತಿದ್ದಳು. ಎಂಥ ದನಿ ಅದು! ರಾಜನ ಮಾತು ಬಂದರೆ ರಾಜ, ರಾಣಿಯ ಮಾತು ಬಂದರೆ ರಾಣಿ. ನೇಕಾರರ ಹೆಂಗಸರು ನೂಲಿನ ಕಂಡಿಕೆ ಸುತ್ತುವುದನ್ನು ಬಿಟ್ಟು ಬಂದು ನಮ್ಮ ಪಡಸಾಲೆಯಲ್ಲಿ ಕೂಡುತ್ತಿದ್ದರು.

ಅಣ್ಣನ ಹೆಸರು ಸುಪಾರ್ಶ್ವ. ನಮ್ಮ ಇಪ್ಪತ್ನಾಲ್ಕು ತೀರ್ಥಂಕರರಲ್ಲಿ ಏಳನೆಯವರ ಹೆಸರು. ಗಂಡನ ಹೆಸರನ್ನು ಹೆಂಡತಿ ನಾಲಿಗೆಯ ಮೇಲೆ ತರಬಾರದಲ್ಲ, ಅದಕ್ಕೆ ವೈನಿ ಬೆಳಿಗ್ಗೆ ತೀರ್ಥಂಕರರ ನಾಮ ಹೇಳುವಾಗ ಪದ್ಮಪ್ರಭರಾದ ಮೇಲೆ "ಏಳನೆಯ ಸ್ವಾಮಿ" ಎಂದು ದಾಟಿಕೊಂಡು ಚಂದ್ರಪ್ರಭರಿಗೆ ಹೋಗುತ್ತಿದ್ದಳು. ಅಣ್ಣ ಬೇಕೆಂದೇ ಅಡುಗೆಮನೆಯ ಬಾಗಿಲಲ್ಲಿ ನಿಂತು "ಆರು ಆದ ಮ್ಯಾಲೆ ಯಾರು?" ಎಂದು ಕೆಣಕುತ್ತಿದ್ದ. ಅವಳು ಕೈಯಲ್ಲಿದ್ದ ಸೌಟು ತೋರಿಸುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು.

ಪ್ಲೇಗ್ ಬಂದು ಊರವರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ವರ್ಷ ಅಣ್ಣ ಹೋದ. ಜ್ವರ ಬಂತು, ತೊಡೆಸಂದಿಯಲ್ಲಿ ಗಡ್ಡೆ ಎದ್ದಿತು, ಮುಗಿಯಿತು. ಬೇನೆ ಇಳಿದು ನಾವು ಊರೊಳಗಿನ ಮನೆಗೆ ಮರಳಿದ ಮೇಲೆ ಅವನ ಹೆಸರನ್ನು ಯಾರೂ ಎತ್ತಲಿಲ್ಲ. ಅಪ್ಪ "ಅಂವ" ಅನ್ನುತ್ತಿದ್ದ. ಅವ್ವ ಹೆತ್ತವಳು, ಅವಳಿಗೆ ಯಾವ ಕಟ್ಟಳೆಯೂ ಇರಲಿಲ್ಲ. ಆದರೂ ಅವಳು ಬೆಳಗಿನ ಜಪದಲ್ಲಿ ಸೊಸೆಯ ಹಾಗೆ "ಏಳನೆಯ ಸ್ವಾಮಿ" ಅನ್ನತೊಡಗಿದಳು. ಅದನ್ನು ಮೊದಲ ಸಲ ಕೇಳಿದ ದಿನ ನಾನು ಹಿತ್ತಲಿಗೆ ಹೋಗಿ ಹೊಟ್ಟೆ ತುಂಬ ಅತ್ತು ಬಂದೆ.

ವೈನಿಯಲ್ಲಿ ಇಲ್ಲವಾದದ್ದು ಅಳು ಒಂದೇ ಅಲ್ಲ. ನಗು, ಸಿಟ್ಟು, ಹಸಿವು, ಯಾವುದೂ ಇರಲಿಲ್ಲ. ಕೂಡು ಅಂದರೆ ಕೂಡುವಳು, ಉಣ್ಣು ಅಂದರೆ ಉಣ್ಣುವಳು. ರೊಟ್ಟಿ ಬಡಿಯುವಳು, ಒಂದೂ ಸೀಯುತ್ತಿರಲಿಲ್ಲ. ಪುರಾಣ ಓದು ಅಂದರೆ ಓದುವಳು, ಆದರೆ ಉಪ್ಪಿಲ್ಲದ ಸಾರು ಉಂಡ ಹಾಗೆ. ರಾಜ ಗೆದ್ದರೂ ಅದೇ ದನಿ, ರಾಜ ಸತ್ತರೂ ಅದೇ ದನಿ. ಕೇಳಲು ಬರುತ್ತಿದ್ದ ಹೆಂಗಸರು ಒಬ್ಬೊಬ್ಬರೇ ಬಿಟ್ಟರು. ಅವರು ಬಿಟ್ಟದ್ದೂ ಅವಳಿಗೆ ಗೊತ್ತಾಗಲಿಲ್ಲ.

"ವೈನಿ, ಒಳಗ ಏನನಸತೈತಿ ನಿನಗ?" ಎಂದು ನಾನು ಕೇಳಿದೆ.

"ಏನೂ ಅನಸೂದಿಲ್ಲ ಬ್ರಾಹ್ಮಿ," ಅಂದಳು. ಅದು ಸುಳ್ಳಲ್ಲ.

ಇದನ್ನು ನೋಡಿ ನೋಡಿ ನಮ್ಮವ್ವ ಸಾವಕ್ಕ ವೈರಾಗ್ಯ ಎಂದು ತಿಳಿದಳು. ನಗಬೇಡಿ. ನಮ್ಮ ಮಂದಿಯಲ್ಲಿ ವೈರಾಗ್ಯ ಸಣ್ಣ ಮಾತಲ್ಲ, ಮನೆಯಲ್ಲೊಬ್ಬರು ದೀಕ್ಷೆ ತೆಗೆದುಕೊಂಡರೆ ಆ ಮನೆತನವನ್ನು ಊರು ಕೈಮುಗಿದು ನೋಡುತ್ತದೆ. ರುಚಿ ಬಿಟ್ಟವಳು, ಆಸೆ ಬಿಟ್ಟವಳು, ಗಂಡ ಸತ್ತರೂ ಕಣ್ಣೀರು ಬಿಟ್ಟವಳು. ಇನ್ನೇನು ಬೇಕು ಎಂದು ಅವ್ವನ ಲೆಕ್ಕ. ಆ ಮಳೆಗಾಲದ ಚಾತುರ್ಮಾಸಕ್ಕೆ ತೇರದಾಳದಲ್ಲಿ ಸಂನ್ಯಾಸಿನಿಯೊಬ್ಬರು, ನಾವು ಮಾತಾಜಿ ಅನ್ನುತ್ತೇವೆ, ತಂಗಿದ್ದರು. ನಾಲ್ಕು ತಿಂಗಳು ಮುಗಿದು ಅವರು ಊರು ಬಿಡುವಾಗ ಹೀರಾಳ ತಲೆಗೂದಲು ಕೀಳಿಸಿ, ಬಿಳಿ ಸೀರೆ ಉಡಿಸಿ, ಅವರ ಜೊತೆ ಕಳಿಸುವುದೆಂದು ಅವ್ವ ಗಟ್ಟಿ ಮಾಡಿಕೊಂಡಳು. ಒಮ್ಮೆ ಹೋದರೆ ಹೋದಂತೆಯೇ. ಬರಿಗಾಲಲ್ಲಿ ಊರಿಂದೂರಿಗೆ ನಡೆಯುವ ಬಾಳು, ತಿರುಗಿ ನಮ್ಮ ಹೊಸ್ತಿಲು ತುಳಿಯುವಂತಿಲ್ಲ.

ಅವ್ವ ಕೆಟ್ಟವಳಲ್ಲ. ಸೊಸೆ ದೊಡ್ಡವಳಾಗುತ್ತಾಳೆ ಎಂದು ನಿಜವಾಗಿ ನಂಬಿದ್ದಳು. ದೀಕ್ಷೆ ದೊಡ್ಡದು, ನಾನೂ ಇಲ್ಲ ಅನ್ನುವುದಿಲ್ಲ. ಆದರೆ ಮನಸ್ಸಿದ್ದವರು ಮನಸ್ಸು ಗೆದ್ದು ಹೋಗುವ ದಾರಿ ಅದು.

"ಯವ್ವಾ, ಇದು ವೈರಾಗ್ಯ ಅಲ್ಲ ಬೇ. ಪೆಟ್ಟ ಬಿದ್ದು ಜೋಮ ಹಿಡದೈತಿ ಅಕಿಗೆ. ಕಾಲ ಜೋಮ ಹಿಡದಾಗ ಮುಳ್ಳ ಚುಚ್ಚಿದ್ರೂ ತಿಳಿಯೂದಿಲ್ಲ ನೋಡು, ಹಂಗ."

"ರಬಕವ್ಯಾಗ ಕುಂತು ನಿನಗೇನ ತಿಳೀತೈತಿ? ದಿನಾ ಜೋಡಿಗೆ ಇರಾಕಿ ನಾ."

"ಬಾ, ಅಕಿನ್ನಽ ಕೇಳೋಣು. ವೈನಿ, ದೀಕ್ಷಾ ತಗೋತಿಯೇನ?"

"ತಗೋ ಅಂದ್ರ ತಗೋತೇನಿ."

"ಬ್ಯಾಡ ಅಂದ್ರ?"

"ಬ್ಯಾಡ ಅಂದ್ರ ಬಿಡತೇನಿ."

ಅವ್ವ ನನ್ನ ಕಡೆ ನೋಡಿದಳು, ಕೇಳಿದೆಯಾ ಎನ್ನುವ ಹಾಗೆ. ನನಗೆ ಹಣೆ ಹಣೆ ಬಡಿದುಕೊಳ್ಳಬೇಕೆನಿಸಿತು.

ಅದೇ ಸುಮಾರಿಗೆ ಗಿರಮಲ್ಲಪ್ಪ ಮಾಸ್ತರರು ನಮ್ಮ ಮನೆಗೆ ಬಂದರು. ಗಂಡು ಮಕ್ಕಳ ಸಾಲೆಯ ಮಾಸ್ತರರು, ಬೀರೇಶ್ವರನ ಒಕ್ಕಲು, ಹೆಗಲ ಮೇಲೆ ಸದಾ ಕರಿಯ ಕಂಬಳಿ. ಅಣ್ಣನಿಗೂ ನನಗೂ ಅಕ್ಷರ ಕಲಿಸಿದವರು. ನಮ್ಮ ಜಮಖಂಡಿ ಸಂಸ್ಥಾನದಲ್ಲಿ ಹೆಣ್ಣು ಮಕ್ಕಳ ಸಾಲೆಗಳಿಗೆ ಕಲಿಸುವ ಅಕ್ಕೋರು ಸಿಗುತ್ತಿಲ್ಲವೆಂದೂ, ಇಬ್ಬರು ಹೆಂಗಸರನ್ನು ಸರಕಾರದ ಖರ್ಚಿನಲ್ಲೇ ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಕಳಿಸುತ್ತಾರೆಂದೂ, ಆರಿಸುವುದಕ್ಕೆ ದಸರೆಯ ಬನ್ನಿ ಹಬ್ಬವಾದ ಮೇಲೆ ಜಮಖಂಡಿಯಲ್ಲಿ ಪರೀಕ್ಷೆ ಇದೆಯೆಂದೂ ಅವರು ಅಪ್ಪನಿಗೆ ಹೇಳಿದರು.

"ನಾಕನೇ ಇಯತ್ತೆ ಆಗಿದ್ರ ಸಾಕಂತ್ರಿ ಪಾಯಪ್ಪಾರ. ನಮ್ಮ ತಂಗಿ ಹೀರಾ ಕೂಡ್ಲಿ."

ಅಪ್ಪ ಬಹಳ ಹೊತ್ತು ಎಲೆ ಅಡಿಕೆ ಅಗಿದ. ಒಂದು ಕಡೆ ಅವ್ವ, ಇನ್ನೊಂದು ಕಡೆ ನಾನು. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಹೇಳಿದ: "ಒಮ್ಮಿ ಕೂಡ್ಲಿ. ಪಾಸಾದ್ರ ಧಾರವಾಡಕ್ಕ. ನಪಾಸಾದ್ರ ನಿಮ್ಮವ್ವ ಹೇಳಿದಂಗ ದೀಕ್ಷಾ. ಮತ್ತೊಮ್ಮಿ ಕೂಡೂ ಮಾತಿಲ್ಲ." ಒಳಗೆ ಜೋಳ ಹಸನು ಮಾಡುತ್ತಿದ್ದ ವೈನಿಗೆ ನಾನು ಓಡಿ ಹೋಗಿ ಸುದ್ದಿ ಹೇಳಿದೆ. "ಹ್ಞೂಂ," ಅಂದಳು, ಮೊರದಲ್ಲಿ ಕೇರುವುದನ್ನು ನಿಲ್ಲಿಸಲಿಲ್ಲ.

ಏನೇನು ಓದಬೇಕೆಂದು ಮಾಸ್ತರರು ಬಾಯಿಪಾಠ ಮಾಡಿಕೊಂಡೇ ಬಂದಿದ್ದರು. ವಾಚನ, ಶುದ್ಧಬರಹ, ವ್ಯಾಕರಣ. ಅಂಕಗಣಿತದಲ್ಲಿ ಅಪೂರ್ಣಾಂಕ, ತ್ರೈರಾಶಿ, ಬಾಯಿಲೆಕ್ಕ. ನಮ್ಮ ಸಂಸ್ಥಾನದ ಮತ್ತು ಮುಂಬೈ ಇಲಾಖೆಯ ಭೂಗೋಳ. ಒಂದಿಷ್ಟು ಇತಿಹಾಸ. ಹೆಂಗಸರಿಗೆ ಹೊಲಿಗೆ. ಕೊನೆಗೆ ಸಣ್ಣ ಮಕ್ಕಳ ಮುಂದೆ ನಿಂತು ಒಂದು ಪಾಠ ಹೇಳಿ ತೋರಿಸುವುದು. "ಉಳದದ್ದೆಲ್ಲಾ ಒಂದು ತೂಕ, ಪಾಠ ಒಂದು ತೂಕ. ಪಾಠಕ್ಕ ಬಿದ್ರ ಎಲ್ಲಾ ಬಿತ್ತು ನೋಡು ತಂಗಿ," ಅಂದರು.

ದಿನಾ ಸಾಲೆ ಬಿಟ್ಟ ಮೇಲೆ ಮಾಸ್ತರರು ಬರುವರು. ಅವರು ಪಡಸಾಲೆಯಲ್ಲಿ, ವೈನಿ ನಡುಮನೆಯ ಬಾಗಿಲ ಒಳಗೆ, ಹೊಸ್ತಿಲ ಮೇಲೆ ನಾನು. ಗಂಡನ ಮನೆಯಲ್ಲಿ ನನಗೆ ಬೈಗುಳ ತಪ್ಪಲಿಲ್ಲ, ಆದರೂ ಬಂದೆ. ರಬಕವಿಯಿಂದ ಬನಹಟ್ಟಿಗೆ ಎಷ್ಟು ದೂರ ಹೇಳಿ? ಆದರೆ ಅಷ್ಟರಲ್ಲೇ ಸಂಸ್ಥಾನ ಬದಲಾಗುತ್ತಿತ್ತು. ಆ ಕಾಲದಲ್ಲಿ ನಮ್ಮ ಸೀಮೆಯ ಭೂಗೋಳವೆಂದರೆ ತುಂಡು ತುಂಡು ಹಚ್ಚಿ ಹೊಲಿದ ಹಳೆಯ ಕೌದಿ. ಬನಹಟ್ಟಿ ಜಮಖಂಡಿಯವರದು, ಮಗ್ಗುಲ ರಬಕವಿ ಸಾಂಗಲಿಯವರದು, ಮುಧೋಳಕ್ಕೆ ಅದರದೇ ರಾಜ, ಬೀಳಗಿ ಇಂಗ್ಲಿಷರ ಮುಲುಕು. ವೈನಿ ಇದನ್ನೆಲ್ಲ ಒಂದೇ ಸಲಕ್ಕೆ ಹಿಡಿದಳು. ತ್ರೈರಾಶಿ ಹೇಳಿದರು, ಹಿಡಿದಳು. ಇಷ್ಟು ಮಗ್ಗಕ್ಕೆ ಇಷ್ಟು ದಿನದಲ್ಲಿ ಇಷ್ಟು ಸೀರೆ, ಹಾಗಾದರೆ ಅಷ್ಟು ಮಗ್ಗಕ್ಕೆ ಎಷ್ಟು ಎಂದು ಕೇಳಿ ಮಾಸ್ತರರು ಮೂಗಿಗೆ ನಶ್ಯ ಏರಿಸುವಷ್ಟರಲ್ಲಿ ಒಳಗಿನಿಂದ ಉತ್ತರ ಬರುತ್ತಿತ್ತು. ಸರಿ ಇರುತ್ತಿತ್ತು. ಖುಷಿಯಾಗಿ ಮಾಸ್ತರರು "ಶಾಭಾಸ್" ಅಂದರೆ ಒಳಗೆ ಏನೂ ಇಲ್ಲ. ಬಾವಿಗೆ ಕಲ್ಲು ಹಾಕಿದರೆ ಡುಬುಕ್ ಎಂದಾದರೂ ಅನ್ನುತ್ತದೆ.

"ಬ್ರಾಹ್ಮಿ, ನಿಮ್ಮ ವೈನಿ ಓದಾಕತ್ತಿಲ್ಲವಾ, ತುಂಬಿಸಿಕೊಳ್ಳಾಕತ್ತಾಳ," ಅಂದರು ಮಾಸ್ತರರು ಒಂದು ದಿನ ಚಪ್ಪಲಿ ಮೆಟ್ಟುತ್ತ. "ಪಾಠ ಕೊಡೂದಂದ್ರ ಇದು ಸಾಲೂದಿಲ್ಲ. ದನಿ ಬೇಕ. ಮಕ್ಕಳು ಮಾರಿ ನೋಡತಾವ."

ಅದಕ್ಕೆ ನಾವು ಪಾಠ ಕೊಡುವುದನ್ನು ರೂಢಿ ಮಾಡಿಸಿದೆವು. ಹಿತ್ತಲಲ್ಲಿ ವೈನಿ ನಿಂತಳು, ಎದುರಿಗೆ ನಾನು ಸಣ್ಣ ಹುಡುಗಿಯ ಹಾಗೆ ಚಕ್ಕಳಮಕ್ಕಳ ಹಾಕಿ ಕೂತೆ. ದಡ್ಡಿಯ ಸೋಗು ಹಾಕುವುದು ನನಗೆ ಕಷ್ಟವಾಗಲಿಲ್ಲ. ಆಕಳು ಎಂಬ ಪಾಠ. "ಆಕಳಿಗೆ ನಾಲ್ಕು ಕಾಲುಗಳಿರುತ್ತವೆ. ಆಕಳು ಹಾಲು ಕೊಡುತ್ತದೆ," ಎಂದು ವೈನಿ ನನ್ನ ತಲೆಯ ಮೇಲಿಂದ ಗೋಡೆ ನೋಡುತ್ತ ಹೇಳಿದಳು. "ಅಕ್ಕೋರ, ಹಾಲು ಎಲ್ಲಿಂದ ಬರತೈತ್ರಿ, ಕೊಂಬಿನ್ಯಾಗಿಂದ?" ಎಂದು ನಾನು ಕೇಳಿದೆ. ನಗಲಿ ಎಂದು ಕೇಳಿದ್ದು. "ಇಲ್ಲ, ಕೆಚ್ಚಲಿನಿಂದ," ಅಂದಳು. ಅಷ್ಟೇ. ಮೊದಲಾಗಿದ್ದರೆ ಕಿವಿ ಹಿಂಡುತ್ತಿದ್ದಳು. ನನಗೆ ಅವಳ ಭುಜ ಹಿಡಿದು ಅಲ್ಲಾಡಿಸಬೇಕು ಅನಿಸಿತು. ಒಮ್ಮೆ ಅಲ್ಲಾಡಿಸಿಯೂ ಬಿಟ್ಟೆ. ಅವಳು ಅಲ್ಲಾಡಿದಳು, ಬಿಟ್ಟ ಮೇಲೆ ನಿಂತಳು.

ಹೊಲಿಗೆಯ ದಿನದ್ದು ಇನ್ನೊಂದು. ಗುಂಡಿಯ ಕಾಜ ಮಾಡುವುದನ್ನು ರೂಢಿ ಮಾಡುತ್ತ ವೈನಿ ಕೂತಿದ್ದಳು. ಅರಿವೆಯ ಮೇಲೆ ಕೆಂಪು ಕಲೆ ಮೂಡಿತು. ನೋಡುತ್ತೇನೆ, ಸೂಜಿ ಅವಳ ಎಡಗೈ ಬೆರಳಲ್ಲಿ ನಟ್ಟಿದೆ, ಆಕೆ ಅರಿವೆ ತಿರುವಿ ದಾರ ಎಳೆಯುತ್ತಿದ್ದಾಳೆ. ಅಯ್ಯಯ್ಯ ಎಂದು ನಾನು ಕೂಗಿದಾಗ ಬೆರಳು ನೋಡಿಕೊಂಡಳು. ಸೂಜಿ ಕಿತ್ತು, ಸೆರಗಿನಿಂದ ಒರೆಸಿ, ಮತ್ತೆ ಕಾಜಕ್ಕೆ ಕೂತಳು.

ಅವ್ವ ಬಾಗಿಲಲ್ಲಿ ನಿಂತು ನೋಡಿದ್ದಳು. "ದೇಹದ ಮ್ಯಾಲಿನ ಮೋಹ ಹೋಗೇತಿ," ಎಂದು ಕೈಮುಗಿದಳು.

"ಮೋಹ ಅಲ್ಲಬೇ, ಮೈಮ್ಯಾಲಿನ ಖಬರ ಹೋಗೇತಿ!" ಎಂದು ನಾನು ಚೀರಿದೆ. "ನಿನ್ನ ಸೊಸಿ ಬೆರಳಾಗ ಸೂಜಿ ನಟ್ಟೇತಿ, ನೀ ಕೈ ಮುಗಿಯಾಕತ್ತಿ!"

ಸುಮ್ಮನಿರಲಾರದೆ ಅವ್ವ ಹೀರಾಳನ್ನು ತೇರದಾಳಕ್ಕೆ ಮಾತಾಜಿಯವರ ದರ್ಶನಕ್ಕೆ ಕರೆದುಕೊಂಡು ಹೋದಳು. ನಾನೂ ಬೆನ್ನು ಹತ್ತಿದೆ. ಚಾತುರ್ಮಾಸದಲ್ಲಿ ಹೀಗೆ ಹೋದವರು ತಮಗೆ ಇಷ್ಟವಾದ ಒಂದು ಪದಾರ್ಥವನ್ನು ನಾಲ್ಕು ತಿಂಗಳು ಬಿಡುವೆನೆಂದು ಮಾತು ಕೊಡುವುದು ನಮ್ಮಲ್ಲಿ ವಾಡಿಕೆ. ಅವ್ವ ಬೆಲ್ಲ ಬಿಟ್ಟಳು. ನಾನು ರೊಟ್ಟಿಯ ಜೊತೆ ತಿನ್ನುವ ಶೇಂಗಾ ಹಿಂಡಿಯ ಚಟ್ನಿ ಬಿಟ್ಟೆ, ಬಿಡುವಾಗಲೇ ಬಾಯಲ್ಲಿ ನೀರೂರಿತು. ಮಾತಾಜಿ ವೈನಿಯತ್ತ ತಿರುಗಿದರು. ಮುದುಕಿ, ಒಣಗಿದ ಮೈ, ಆದರೆ ನೋಟ ಬಹಳ ಚುರುಕು.

"ನಿನಗೆ ಬಹಳ ಇಷ್ಟ ಯಾವುದಮ್ಮ?"

ವೈನಿ ಯೋಚಿಸಿದಳು. ನಿಜವಾಗಿಯೂ ಹುಡುಕಿದಳು, ನನಗೆ ಕಾಣುತ್ತಿತ್ತು. ಆಮೇಲೆ, "ನೆನಪಾಗವಲ್ದ್ರಿ," ಅಂದಳು.

ಅವ್ವನ ಮುಖ ಅರಳಿತು. ಮಾತಾಜಿಯವರ ಮುಖ ಅರಳಲಿಲ್ಲ. "ನೆನಪಾದ ಮೇಲೆ ಬಾ," ಎಂದಷ್ಟೇ ಹೇಳಿ ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ದಾರಿಯುದ್ದಕ್ಕೂ ಅವ್ವ ಅದು ಒಪ್ಪಿಗೆಯೆಂದಳು, ನಾನು ಅದು ಬೇಡವೆಂದದ್ದು ಅಂದೆ. ಗಾಡಿಯಲ್ಲಿ ನಮ್ಮಿಬ್ಬರ ನಡುವೆ ಕೂತ ವೈನಿ ಎತ್ತಿನ ಬಾಲ ನೋಡುತ್ತಿದ್ದಳು.

ಬನ್ನಿ ಹಬ್ಬ ಮುಗಿಯಿತು. ಅಪ್ಪನ ಗಾಡಿಯಲ್ಲಿ ವೈನಿ, ಮಾಸ್ತರರು, ನಾನು ಜಮಖಂಡಿಗೆ ಹೋಗಿ ಅಪ್ಪನ ಗುರುತಿನ ವ್ಯಾಪಾರಿಯ ಮನೆಯಲ್ಲಿ ಇಳಿದೆವು. ಮೊದಲ ದಿನ ಬರವಣಿಗೆ. ಪರೀಕ್ಷೆಗೆ ಬಂದ ಹೆಂಗಸರಲ್ಲಿ ಒಬ್ಬಳು ಹೊಟ್ಟೆ ಹಿಡಿದುಕೊಂಡು ಕೂತಿದ್ದಳು, ಇನ್ನೊಬ್ಬಳು ಧಾರವಾಡದಿಂದ ಬೆಳಗಾವಿವರೆಗೆ ಎಲ್ಲ ಊರುಗಳನ್ನೂ ಗೊಣಗುತ್ತಿದ್ದಳು. ನಮ್ಮ ವೈನಿ ಮನೆಯ ಕಟ್ಟೆಯ ಮೇಲೆ ಕೂತಂತೆ ಕೂತಿದ್ದಳು. ಸಂಜೆ ಹೊರಗೆ ಬಂದಾಗ ಮಾಸ್ತರರು ಒಂದೊಂದೇ ಪ್ರಶ್ನೆ ಕೇಳಿ ಉತ್ತರ ಕೇಳಿದರು. ಒಂದೂ ತಪ್ಪಿರಲಿಲ್ಲ. "ಇನ್ನ ನಾಳಿ ಪಾಠ," ಅಂದರು. ಅವರ ಎದೆಯಲ್ಲಿದ್ದದ್ದೇ ನನ್ನ ಎದೆಯಲ್ಲೂ ಇತ್ತು.

ಮರುದಿನ ಒಂದನೆಯ ಇಯತ್ತೆಯ ಮಕ್ಕಳನ್ನು ಕೂರಿಸಿದ್ದರು. ಗಂಡು ಹೆಣ್ಣು ಎರಡೂ ಇದ್ದವು. ಒಂದು ಕಡೆ ಕುರ್ಚಿಯಲ್ಲಿ ಸಾಲೆ ತಪಾಸಣೆಯ ಸಾಹೇಬರು, ಅವರನ್ನು ಎಲ್ಲರೂ ದಿಪೋಟಿ ಅನ್ನುತ್ತಿದ್ದರು. ಮಗ್ಗುಲಿಗೆ ಹೊರಗಿನಿಂದ ಬಂದ ಹಿರಿಯ ಅಕ್ಕೋರು, ಬಿಗಿಯಾಗಿ ಹಿಂದಕ್ಕೆ ಬಾಚಿದ ಕೂದಲು, ಮುಖದಲ್ಲಿ ನಗೆಯಿಲ್ಲ. ಮಾಸ್ತರರೂ ನಾನೂ ಹೊರಗೆ ಕಿಟಕಿಯ ಸರಳು ಹಿಡಿದು ನಿಂತೆವು. ವೈನಿ ಒಳಗೆ ಹೋಗಿ ಮಕ್ಕಳ ತಲೆಯ ಮೇಲಿಂದ ಗೋಡೆ ನೋಡುತ್ತ ನಿಂತಳು. "ಸತ್ತೆ," ಎಂದುಕೊಂಡೆ ನಾನು.

"ಮೊದಲು ಹಾಜರಿ ಕರೆಯಿರಿ," ಅಂದರು ಅಕ್ಕೋರು.

ಹಾಜರಿ! ಅಪೂರ್ಣಾಂಕ, ಇಲಾಖೆ, ಕಾಜ, ಆಕಳ ಕೆಚ್ಚಲು, ಎಲ್ಲವನ್ನೂ ಅರೆದು ಕುಡಿಸಿದ್ದೆವು. ಮಕ್ಕಳ ಹೆಸರು ಕರೆಯುವುದನ್ನು ಯಾರು ಕಲಿಸುತ್ತಾರೆ? ವೈನಿ ಹಾಜರಿ ಪುಸ್ತಕ ಕೈಗೆ ತೆಗೆದುಕೊಂಡು ಓದತೊಡಗಿದಳು. "ಪರಸಪ್ಪ." "ಹಾಜರ್ ರೀ." "ಯಲ್ಲವ್ವ." "ಹಾಜರ್ ರೀ." "ಬಾಹುಬಲಿ." "ಹಾಜರ್ ರೀ."

ಆಮೇಲೆ ನಿಂತಳು. ಪುಟದ ಮೇಲೆ ಬೆರಳು ಇಟ್ಟವಳು ಇಟ್ಟ ಹಾಗೇ. ಆಮೇಲೆ ಬೆರಳು ಕೆಳಗೆ ಸರಿಯಿತು. "ಶೇವಂತಿ," ಅಂದಳು. "ಹಾಜರ್ ರೀ." ಹೀಗೆ ಕೊನೆಯವರೆಗೆ ಕರೆದು ಪುಸ್ತಕ ಮುಚ್ಚಿದಳು.

ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಎದ್ದು ನಿಂತ. ಟೊಪ್ಪಿಗೆ ಕಿವಿಯವರೆಗೆ ಇಳಿದಿತ್ತು, ಬಾಯಿ ಅಳುವ ಹಾಗಾಗಿತ್ತು. "ಅಕ್ಕೋರ, ನನ್ನ ಹೆಸರ ಕರೀಲಿಲ್ರಿ."

"ಏನು ನಿನ್ನ ಹೆಸರು?" ದಿಪೋಟಿ ಕೇಳಿದರು.

"ಸುಪಾರ್ಶ್ವ ರೀ."

ಎಷ್ಟು ದಿನವಾಗಿತ್ತು ಆ ಹೆಸರು ಕಿವಿಗೆ ಬಿದ್ದು! ಒಳಗೆ ಅಕ್ಕೋರು ಗಂಭೀರವಾಗಿ, "ಒಂದು ಮಗುವನ್ನು ಬಿಟ್ಟಿರಿ. ಹಾಜರಿಯಲ್ಲಿ ಮಗು ಬಿಡುವಂತಿಲ್ಲ. ಮೊದಲಿನಿಂದ ಕರೆಯಿರಿ," ಅಂದರು. ನಾನು ಕಿಟಕಿಯಿಂದಲೇ ಕೂಗಿ ಹೇಳಬೇಕೆಂದು ಬಾಯಿ ತೆರೆದೆ. ಅದು ಆಕೆಯ ಗಂಡನ ಹೆಸರ್ರಿ, ಆಕೆ ಹೇಳುವಂತಿಲ್ಲರಿ ಎಂದು. ಮಾಸ್ತರರು ನನ್ನ ರಟ್ಟೆ ಹಿಡಿದರು.

"ನೀ ಬಾಯಿ ಹಾಕಿದ್ರ ಅಕಿ ಪರೀಕ್ಷಾ ಅಲ್ಲಿಗೆ ಮುಗೀತು. ಸುಮ್ನಿರು ಬ್ರಾಹ್ಮಿ."

ನನ್ನ ಜನ್ಮದಲ್ಲಿ ನಾನು ಬಾಯಿ ಮುಚ್ಚಿಕೊಂಡು ನಿಂತದ್ದು ಅದೊಂದೇ ಸಲ ಇರಬೇಕು.

ವೈನಿ ಪುಸ್ತಕ ತೆರೆದಳು. ಪರಸಪ್ಪ ಆಯಿತು, ಯಲ್ಲವ್ವ ಆಯಿತು, ಬಾಹುಬಲಿ ಆಯಿತು. ಮತ್ತೆ ಅಲ್ಲಿಗೇ ಬಂದು ಗೋಡೆ ನೋಡುತ್ತ ನಿಂತಳು. ದಿಪೋಟಿ ಗಡಿಯಾರ ತೆಗೆದು ನೋಡಿದರು. ಅಕ್ಕೋರು ಲೇಖನಿ ಕೈಗೆ ಎತ್ತಿಕೊಂಡರು. ಈಗ ಬರೆದೇ ಬಿಡುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಬಿಳಿ ಸೀರೆ ಉಟ್ಟು, ಬರಿಗಾಲಲ್ಲಿ, ಎತ್ತಿನ ಬಾಲ ನೋಡಿದ ಹಾಗೆ ದಾರಿ ನೋಡುತ್ತ ಹೋಗುವ ವೈನಿ ಕಣ್ಣ ಮುಂದೆ ಬಂದಳು. ಹುಡುಗನಿಗೆ ತಡೆಯಲಾಗಲಿಲ್ಲ. ನಿಂತಲ್ಲೇ ಕೈ ಮೇಲೆತ್ತಿ, "ನಾ ಬಂದೇನ್ರಿ ಅಕ್ಕೋರ! ನಾ ಇಲ್ಲೇ ಅದೇನ್ರಿ! ಗೈರಹಾಜರಿ ಬರೀಬ್ಯಾಡ್ರಿ!" ಅಂದ.

ಆಗ ವೈನಿ ಗೋಡೆಯಿಂದ ಕಣ್ಣು ಇಳಿಸಿ ಅವನ ಮುಖ ನೋಡಿದಳು.

"ಸುಪಾರ್ಶ್ವ," ಎಂದು ಕರೆದಳು.

ಅದು ಆ ದನಿ. ಪುರಾಣ ಓದುತ್ತಿದ್ದ ದನಿ. ಸತ್ತಿತು ಎಂದು ನಾವು ಕೈಬಿಟ್ಟಿದ್ದ ದನಿ.

"ಹಾಜರ್ ರೀ!" ಎಂದು ಹುಡುಗ ಇಡೀ ಸಾಲೆಗೆ ಕೇಳುವಂತೆ ಕೂಗಿ ಕೂತುಕೊಂಡ.

ವೈನಿಯ ಕಣ್ಣಿಂದ ನೀರು ಇಳಿಯಿತು. ಬಿಕ್ಕಲಿಲ್ಲ, ಮುಖ ಮುಚ್ಚಿಕೊಳ್ಳಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ನೀರು ಸುರಿಯುತ್ತಲೇ ಶೇವಂತಿಯನ್ನು ಕರೆದಳು, ಉಳಿದವರನ್ನು ಕರೆದಳು. ಸುರಿಯುತ್ತಲೇ ಆಕಳ ಪಾಠ ಶುರು ಮಾಡಿದಳು. ಆಕಳು ಸಂಜೆಗೆ ಮನೆಗೆ ಬರುವಾಗ ಕರುವನ್ನು ಹೇಗೆ ಕೂಗುತ್ತದೆ ಎಂದು ಕೇಳಿದಳು, ಮಕ್ಕಳೆಲ್ಲ ಅಂಬಾ ಅಂದವು. ಒಬ್ಬಳು ಹುಡುಗಿ ಎದ್ದು ಬಂದು ತನ್ನ ಲಂಗದ ಅಂಚಿನಿಂದ ವೈನಿಯ ಕೈ ಒರೆಸಿದಳು, ಮುಖ ಎಟುಕಲಿಲ್ಲ ಅದಕ್ಕೆ. ವೈನಿ ಅವಳ ತಲೆ ಸವರಿ ಕೂರಿಸಿದಳು. ಕಿಟಕಿಯಲ್ಲಿ ನಾನು ಸರಳಿಗೆ ಹಣೆ ಹಚ್ಚಿ ಅತ್ತೆ. ಮಾಸ್ತರರು ಕಂಬಳಿಯ ಅಂಚಿನಲ್ಲಿ ಮೂಗು ಒರೆಸಿಕೊಂಡು ನಶ್ಯದ ಮೇಲೆ ತಪ್ಪು ಹೊರಿಸಿದರು.

ಪಾಠ ಮುಗಿದ ಮೇಲೆ ಆ ಅಕ್ಕೋರು ವೈನಿಯನ್ನು ಬಾಗಿಲವರೆಗೆ ಕರೆದುಕೊಂಡು ಬಂದರು. "ಯಾರ ಹೆಸರದು?" ಎಂದು ಮೆಲ್ಲಗೆ ಕೇಳಿದರು. "ನಮ್ಮನಿಯವರದ್ರಿ," ಅಂದಳು ವೈನಿ. "ಪಾಠ ಚಲೋ ಆಯಿತು," ಎಂದು ಹೇಳಿ ಒಳಗೆ ಹೋದರು.

ಪಾಸಾದಳು. ಅದನ್ನು ಬಚ್ಚಿಟ್ಟು ನಿಮ್ಮನ್ನು ಕಾಡಿಸುವ ಆಸೆ ನನಗಿಲ್ಲ. ಧಾರವಾಡಕ್ಕೆ ಹೋದಳು, ಕಲಿತು ಬಂದಳು, ಹೀರಾ ಅಕ್ಕೋರು ಎಂದು ಜಮಖಂಡಿಯಲ್ಲಿ ಹೆಸರಾದಳು. ರಾಜ್ಯ ಹೋಗಿ ಸಂಸ್ಥಾನ ಮುಂಬೈಗೆ ಸೇರಿದ ವರ್ಷವೂ ಅದೇ ಸಾಲೆಯಲ್ಲಿ ಆಕಳ ಪಾಠ ಹೇಳುತ್ತಿದ್ದಳು. ಆದರೆ ನಾನು ಹೇಳಬೇಕೆಂದು ಹೊರಟದ್ದು ಆ ಸಂಜೆಯ ಮಾತು. ಪರೀಕ್ಷೆಯ ಫಲ ಆಗ ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಬೇಕೆಂದು ಗಾಡಿಯವನಿಗೆ ಅವಸರ ಮಾಡಿದ್ದೆವು, ಯಾಕೆಂದರೆ ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟ ಮಾಡುವುದಿಲ್ಲ. ಅವ್ವ ತಾಟು ಹಾಕಿ ಕಾಯುತ್ತಿದ್ದಳು. ವೈನಿಯ ಕೆಂಪು ಕಣ್ಣು ನೋಡಿದಳು. ಮುಚ್ಚಿಡುವುದು ನನ್ನಿಂದಾಗದ ಮಾತು, ಆದದ್ದೆಲ್ಲ ಹೇಳಿಬಿಟ್ಟೆ. ಗಂಡನ ಹೆಸರು ಹಿಡಿದು ಕರೆದ ಸೊಸೆಗೆ ಅವ್ವ ಏನನ್ನುತ್ತಾಳೋ ಎಂದು ನನಗೆ ಹೆದರಿಕೆ ಇತ್ತು.

ಅವ್ವ ಕಂಬ ಹಿಡಿದು ನಿಂತಳು. "ಅತ್ತಿಯೇನ ನೀನು?" ಎಂದು ಕೇಳಿದಳು.

"ಹೌದ್ರಿ ಅತ್ತಿ, ಅತ್ತೇನಿ."

"ಹಂಗಾರ ದೀಕ್ಷಾದ ಮಾತ ಬ್ಯಾಡ." ಅವ್ವ ನೆಲಕ್ಕೆ ಕೂತಳು. "ಕರದರ ಓ ಅಂದನೇನ ಹುಡುಗ?" ಅಂದಳು.

"ಹಾಜರ್ ರೀ ಅಂದ."

"ಹೆಂಗಿದ್ದ?"

"ಸಣ್ಣಾಂವ ಅತ್ತಿ. ಟೊಪ್ಪಿಗಿ ಕಿವಿ ಮಟ ಇತ್ತು. ಮುಂದಿನ ಹಲ್ಲ ಇರಲಿಲ್ಲ."

"ನಮ್ಮ ಸುಪಾರ್ಶ್ವಗೂ ಬಾಳ ದಿನ ಬರಲಿಲ್ಲವಾ ಮುಂದಿನ ಹಲ್ಲ," ಅಂದಳು ಅವ್ವ. "ಬೆಲ್ಲ ಕಡಿಯಾಕ ಬರೂದಿಲ್ಲಂತ ಅಳತಿದ್ದ." ಸುಪಾರ್ಶ್ವ ಹೀಗೆ ಮಾಡುತ್ತಿದ್ದ, ಸುಪಾರ್ಶ್ವ ಹಾಗೆ ಬಿದ್ದಿದ್ದ ಎಂದು ಅವ್ವ ಶುರು ಮಾಡಿದಳು. ವೈನಿ ಅವಳ ಪಕ್ಕದಲ್ಲಿ ಕೂತು, ಅಡುಗೆಮನೆಯ ಬಾಗಿಲಲ್ಲಿ ಅವನು ಕೆಣಕಿದ್ದು ಹೇಳಿದಳು, ಹೇಳುತ್ತ ಅತ್ತಳು, ನಡುವೆ ಒಮ್ಮೆ ನಕ್ಕಳು. ಅಪ್ಪ ಅಂಗಡಿ ಮುಚ್ಚಿ ಬಂದು ಬಾಗಿಲಲ್ಲೇ ನಿಂತ, ಆಮೇಲೆ ಅವನೂ ಕೂತ. ಯಾರಿಗೂ ಹೊತ್ತಿನ ಕಡೆ ಲಕ್ಷ್ಯವಿರಲಿಲ್ಲ. ನಾನು ಹೊರಗೆ ನೋಡಿದಾಗ ಸೂರ್ಯ ಮುಳುಗಿಹೋಗಿದ್ದ. ಹಾಕಿದ ತಾಟು ಹಾಕಿದ ಹಾಗೇ ಇದ್ದವು. ಅಂದು ಯಾರೂ ವ್ರತ ಹಿಡಿದಿರಲಿಲ್ಲ, ಮನೆಮಂದಿಯೆಲ್ಲ ಉಪವಾಸ ಮಲಗಿದೆವು.